ಎರಡರಷ್ಟು ವೇಗದಲ್ಲಿ ಕೇಳಿದ ಮಾತು

ಕಾರ್ತಿಕದ ಎರಡನೇ ಸೋಮವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು: ನಾನೊಬ್ಬಳೇ.

ಹೀಗೆ ಬರೆದು ಶುರು ಮಾಡುವುದು ಹಳೆಯ ಅಭ್ಯಾಸ. ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರಾಗಿ ಸೇರಿದ ಮೊದಲ ದಿನವೇ ನಮ್ಮ ಮೇಲ್ವಿಚಾರಕಿ ಒಂದು ದಪ್ಪ ರಿಜಿಸ್ಟರು ತೋರಿಸಿ, ತಾರೀಕು, ಗಂಟೆ, ಡ್ಯೂಟಿಯಲ್ಲಿ ಯಾರಿದ್ದಾರೆ ಎಂಬುದನ್ನು ಬರೆಯದೆ ಕುರ್ಚಿಯ ಮೇಲೆ ಕೂರಬಾರದು ಎಂದಿದ್ದರು. ಪಾಳಿ ಮುಗಿದಾಗ ಕೊನೆಗೆ ಮಾಡಿದ ಕೆಲಸ ಯಾವುದೆಂದು ಬರೆದು ಏಳಬೇಕು. ನಿವೃತ್ತಿಯಾಗಿ ಹದಿಮೂರು ವರ್ಷವಾದರೂ ಕೈ ಅದನ್ನು ಬಿಟ್ಟಿಲ್ಲ. ಹಾಜರಾತಿ ಬರೆಯುವ ಕೆಲಸ ಮಾತ್ರ ಈಗ ಬೇಗ ಮುಗಿಯುತ್ತದೆ.

ಟ್ರಂಕ್ ಕಾಲ್ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಬೇರೆ ಊರಿನವರೊಡನೆ ಮಾತಾಡಬೇಕಾದವರು ಮೊದಲು ನಮ್ಮಲ್ಲಿ ಬುಕ್ ಮಾಡಬೇಕಿತ್ತು. ನಾವು ಸರದಿಯ ಪ್ರಕಾರ ಎರಡೂ ಕಡೆಯ ಲೈನನ್ನು ಹಗ್ಗದಂಥ ವೈರಿನಿಂದ ಜೋಡಿಸುತ್ತಿದ್ದೆವು. ಮೂರು ನಿಮಿಷವಾದ ಕೂಡಲೇ ನಡುವೆ ಬಂದು, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಬೇಕು. ಹತ್ತಿ ದಲಾಲರು ಎರಡೇ ನಿಮಿಷಕ್ಕೆ ಮುಗಿಸಿ ಇಟ್ಟುಬಿಡುತ್ತಿದ್ದರು. ಮಗಳನ್ನು ದೂರ ಕೊಟ್ಟ ತಾಯಂದಿರು ಮೊದಲ ಎರಡು ನಿಮಿಷ ಅಳುತ್ತಿದ್ದರು. ಯಾರಾದರೂ ಐದು ಸೆಕೆಂಡು ಸುಮ್ಮನಾದರೆ ಲೈನು ಕಡಿದಿದೆಯೋ ಏನೋ ಎಂದು ತಿಳಿಯಲು "ಮಾತಾಡ್ತಾ ಇದ್ದೀರಾ?" ಎಂದು ಕೇಳುವುದು ನಮ್ಮ ನಿಯಮ. ಕೆಲವು ವರ್ಷ ಕಳೆದ ಮೇಲೆ ನನಗೆ ಆ ಪ್ರಶ್ನೆಯ ಅಗತ್ಯವೇ ಬೀಳುತ್ತಿರಲಿಲ್ಲ. ಉಸಿರು ಕೇಳಿಯೇ ಈ ಮನುಷ್ಯನಿಗೆ ಇನ್ನೂ ಹೇಳುವುದಿದೆ, ಈ ಮನುಷ್ಯ ಮುಗಿಸಿದ್ದಾನೆ ಎಂದು ಗೊತ್ತಾಗುತ್ತಿತ್ತು.

ಆ ಮೂರು ನಿಮಿಷ ನನ್ನ ಮೈಗೆ ಅಂಟಿತು. ಇವತ್ತಿಗೂ ನನ್ನ ಯಾವ ಫೋನ್ ಮಾತೂ ಮೂರು ನಿಮಿಷ ದಾಟುವುದಿಲ್ಲ. ಮದುವೆಯಾಗದೆ ಉಳಿದೆ, ಅದರ ಕಾರಣ ಈ ಬರಹಕ್ಕೆ ಸಂಬಂಧಿಸಿದ್ದಲ್ಲ. ಸರಸ್ವತಿ ನಗರದಲ್ಲಿ ಮೊದಲ ಮಹಡಿಯ ಒಂದು ಸಣ್ಣ ಮನೆ ನನ್ನದು. ಹತ್ತೊಂಬತ್ತು ಮೆಟ್ಟಿಲು. ಐದಕ್ಕೆ ಏಳುವುದು, ಆರಕ್ಕೆ ಸ್ನಾನ ಮುಗಿದಿರುವುದು, ಆರೂವರೆಯಿಂದ ಆರೂಮುಕ್ಕಾಲರವರೆಗೆ ಫೋನು. ಆಮೇಲೆ ಫೋನು ಒಂದು ಸ್ಟೀಲ್ ಡಬ್ಬಿಯೊಳಗೆ ಹೋಗುತ್ತದೆ, ಮುಚ್ಚಳ ಬೀಳುತ್ತದೆ. ಮತ್ತೆ ಹೊರಬರುವುದು ಸಂಜೆ ಆರಕ್ಕೆ, ಅರ್ಧ ಗಂಟೆಯ ಮಟ್ಟಿಗೆ. ಡಬ್ಬಿಯಲ್ಲಿ ಅದು ಕಿಣಿಕಿಣಿ ಅಂದರೂ ನಾನು ಏಳುವುದಿಲ್ಲ.

ಬೀದಿಯ ಹೆಂಗಸರಿಗೆ ಇದೊಂದು ಬೆರಗು. ಹೋದ ತಿಂಗಳು ನಮ್ಮ ಬಡಾವಣೆಯ ಮಹಿಳೆಯರ ಕೂಟದಲ್ಲಿ ನನ್ನನ್ನು ನಿಲ್ಲಿಸಿ, ಮೊಬೈಲಿನ ಕಾಟದ ನಡುವೆ ಹೊತ್ತನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಹದಿನೈದು ನಿಮಿಷ ಮಾತಾಡಲು ಹೇಳಿದರು. ಹದಿಮೂರು ನಿಮಿಷಕ್ಕೆ ಮುಗಿಸಿದೆ. ಡಬ್ಬಿಯ ವಿಷಯ ಹೇಳಿದೆ. ಉದ್ದದ ಧ್ವನಿ ಸಂದೇಶಗಳನ್ನು ಎರಡರಷ್ಟು ವೇಗದಲ್ಲಿ ಕೇಳುವ ಗುಂಡಿ ಎಲ್ಲಿದೆ ಎಂದು ಎಲ್ಲರ ಫೋನಿನಲ್ಲೂ ತೋರಿಸಿಕೊಟ್ಟೆ. ಹನ್ನೆರಡು ನಿಮಿಷದ ಮಾತು ಆರು ನಿಮಿಷಕ್ಕೆ ಮುಗಿಯುತ್ತದೆ, ಒಂದಕ್ಷರವೂ ತಪ್ಪುವುದಿಲ್ಲ ಎಂದೆ. ಚಪ್ಪಾಳೆ ತಟ್ಟಿದರು. ನನಗೆ ಖುಷಿಯೇ ಆಯಿತು.

ಆ ಉದ್ದದ ಸಂದೇಶಗಳನ್ನು ಕಳಿಸುತ್ತಿದ್ದವಳು ನನ್ನ ತಂಗಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಇಬ್ಬರೂ ಹದಡಿಯಲ್ಲಿ ಹುಟ್ಟಿದವರು. ಅವಳು ಮದುವೆಯಾಗಿ ಹರಿಹರ ಸೇರಿದಳು, ನಾನು ಕೆಲಸ ಸಿಕ್ಕಿ ದಾವಣಗೆರೆ ಸೇರಿದೆ. ನಡುವೆ ಬಸ್ಸಿನಲ್ಲಿ ಅರ್ಧ ಗಂಟೆ. ಅವಳಿಗೆ ಮಕ್ಕಳಿಲ್ಲ, ಗಂಡ ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮೊದಲು ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಮೂರು ನಿಮಿಷಕ್ಕೆ ನಾನು, "ಸರಿ, ಇಡ್ತೀನಿ" ಅನ್ನುತ್ತಿದ್ದೆ. ಒಂದು ದಿನ ರೇಗಿದಳು.

"ನಿನ್ನ ಸರ್ಕಾರ ಎಕ್ಸ್‌ಚೇಂಜ್ ಮುಚ್ಚಿ ಎಷ್ಟು ವರ್ಷ ಆತು, ನೀನು ಮಾತ್ರ ಇನ್ನೂ ಮುಚ್ಚಿಲ್ಲ ನೋಡು. ನಾನಿನ್ನು ಈ ವಾಯ್ಸ್ ಮೆಸೇಜಿನಾಗ ಹೇಳ್ತೀನಿ. ಇದರ ಬಾಯಿಗೆ ಕೈ ಇಡಾಕ ನಿನಗ ಬರಂಗಿಲ್ಲ."

ಅಂದಿನಿಂದ ಅವಳ ಮಾತು ಹತ್ತು ಹನ್ನೆರಡು ನಿಮಿಷದ ತುಂಡುಗಳಾಗಿ ಬರತೊಡಗಿತು. ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಎರಡರಷ್ಟು ವೇಗದಲ್ಲಿ ಕೇಳಿ, ಕೇಳಿದೆ ಎಂಬುದಕ್ಕೆ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ. ಆ ವೇಗದಲ್ಲಿ ಅವಳ ದನಿ ಸಣ್ಣ ಹುಡುಗಿಯ ದನಿಯಾಗುತ್ತದೆ. ಹದಡಿಯ ಕೆರೆ ಏರಿಯ ಮೇಲೆ ಓಡಿಬರುತ್ತ ಚಾಡಿ ಹೇಳುತ್ತಿದ್ದ ಹಾಗೆ. ಅದೂ ನನಗೆ ಹಿತವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹರಿಹರದ ಅವಳ ಮನೆಯಲ್ಲಿ ಬೀದಿಗೆ ತೆರೆಯುವ ಒಂದು ಮುಂದಿನ ಕೋಣೆ ಇದೆ. ಅವಳ ಗಂಡ ತೀರಿಕೊಂಡ ವರ್ಷವೇ ನಾವಿಬ್ಬರೂ ಮಾತಾಡಿಕೊಂಡಿದ್ದೆವು, ನನಗೆ ಮೆಟ್ಟಿಲು ಹತ್ತುವುದು ಕಷ್ಟವಾದಾಗ ನಾನು ಬಂದು ಆ ಕೋಣೆಯಲ್ಲಿ ಇರುವುದೆಂದು. ನನ್ನ ಕಬ್ಬಿಣದ ಮಂಚವನ್ನು ಆಗಲೇ ಸಾಗಿಸಿದ್ದೆ. ಪ್ರತಿ ಹಬ್ಬಕ್ಕೂ ಅವಳು, "ಈ ವರ್ಷ ಬರ್ತೀಯೇನು?" ಅನ್ನುತ್ತಿದ್ದಳು. ನಾನು, "ನೋಡೋಣ" ಅನ್ನುತ್ತಿದ್ದೆ.

ಈ ಮಳೆಗಾಲದಲ್ಲಿ ಹನ್ನೆರಡನೇ ಮೆಟ್ಟಿಲಿನ ಮೇಲೆ ಎರಡು ಸಲ ನಿಲ್ಲಬೇಕಾಯಿತು. ಮಂಡಿಗಿಂತ ಹೆಚ್ಚು ಕಾಡಿದ್ದು ಸಂಜೆಗಳು. ಆರೂವರೆಗೆ ಡಬ್ಬಿ ಮುಚ್ಚಿದ ಮೇಲೆ ಒಂಬತ್ತರವರೆಗೆ ಮನೆಯಲ್ಲಿ ನನ್ನ ಚಪ್ಪಲಿಯದೇ ಸದ್ದು. ಹೋಗುವುದೆಂದು ನಿರ್ಧಾರ ಮಾಡಿದೆ. ಆದರೆ ಎಲ್ಲ ಸಿದ್ಧವಾಗದೆ ಬಾಯಿ ಬಿಡುವ ಜಾತಿಯಲ್ಲ ನಾನು. ಗ್ಯಾಸ್ ವರ್ಗಾವಣೆ, ಈ ಮನೆಗೊಬ್ಬ ಸಂಸಾರಸ್ಥ ಬಾಡಿಗೆದಾರ, ಪಿಂಚಣಿಗೆ ಹೊಸ ವಿಳಾಸ ಎಲ್ಲಕ್ಕೂ ಒಂದೊಂದು ದಿನ ಗೊತ್ತುಮಾಡಿ ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಕೊನೆಯ ಗುರುತು ಹೀಗಿತ್ತು: "ಸಂಕ್ರಾಂತಿ, ಬೆಳಿಗ್ಗೆ ಒಂಬತ್ತು. ಬರುತ್ತೇನೆಂದು ತಂಗಿಗೆ ಹೇಳುವುದು." ಗಂಟೆ ಬಾರಿಸುವ ಏರ್ಪಾಡನ್ನೂ ಮಾಡಿದ್ದೆ.

ಈಗ ಸೋಮವಾರದ ಬೆಳಿಗ್ಗೆಗೆ ಬರುತ್ತೇನೆ. ಆರೂವರೆಗೆ ಡಬ್ಬಿಯಿಂದ ಫೋನು ತೆಗೆದೆ. ತಂಗಿ ಒಂದು ಫೋಟೋ ಕಳಿಸಿದ್ದಳು. ಮುಂದಿನ ಕೋಣೆ. ಕಿಟಕಿಗೆ ಹಸಿರು ಪರದೆ, ಮೂಲೆಯಲ್ಲಿ ಎರಡು ಟ್ರಂಕು, ನನ್ನ ಮಂಚದ ಮೇಲೆ ಎಂಟು ತಿಂಗಳಿನಂಥ ಒಂದು ಕೂಸು ಬೋರಲಾಗಿ ಮಲಗಿತ್ತು. ಕೆಳಗೆ ಬರೆದಿದ್ದಳು: "ನಿನ್ನೆ ಹಾಲು ಉಕ್ಕಿಸಿ ಒಳಗ ಬಂದ್ರು. ಚಂದ ಐತಲ್ಲ?"

ಫೋನ್ ಮಾಡಿದೆ.

"ಯಾರು ಬಂದ್ರು?"

"ನರ್ಸಮ್ಮ, ಮತ್ತಿನ್ಯಾರು? ಕಡರನಾಯಕನಹಳ್ಳಿ ಆಸ್ಪತ್ರಿಯಾಕಿ. ಕೂಸು, ಅತ್ತಿ, ಮೂರು ಮಂದಿ. ಅವಳ ಗಂಡ ಲಾರಿ ಮ್ಯಾಲ ಇರ್ತಾನ, ಬಂದ್ರೆ ಬಂದ ಇಲ್ಲಾಂದ್ರೆ ಇಲ್ಲ. ಎಲ್ಲಾ ಹೇಳಿದ್ನಲ್ಲಕ್ಕ."

"ಯಾವಾಗ ಹೇಳಿದಿ?"

"ಶನಿವಾರದ ಹಿಂದಿನ ಶನಿವಾರ. ಕೇಳಿ ನೀನೇ ಹೂಂ ಅಂದೆಲ್ಲ? ಇಷ್ಟು ಓದಿದಾಕಿ, ಹೆಬ್ಬೆಟ್ಟು ಒತ್ತಿ ಕಳಿಸಿದ್ದಿ. ಹ್ಹ!"

ಅವಳು ನಗುತ್ತಿದ್ದಳು. "ಇವತ್ತು ಬರ್ತೀನಿ ಅತ್ತ ಕಡೆ" ಎಂದು ಇಟ್ಟುಬಿಟ್ಟೆ. ಒಂದು ನಿಮಿಷ ಹತ್ತು ಸೆಕೆಂಡು.

ಆಮೇಲೆ ಹುಡುಕಿದೆ. ಆ ಶನಿವಾರದ ಸಂದೇಶ ಹನ್ನೊಂದು ನಿಮಿಷ ನಲವತ್ತು ಸೆಕೆಂಡಿನದು. ಅದರ ಕೆಳಗೆ ನನ್ನ ಹೆಬ್ಬೆರಳು, ಸಂಜೆ ಆರೂ ಹದಿನಾಲ್ಕಕ್ಕೆ. ಅಂದು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ನಡುವೆ ಬೇರು ಹಾಕಲು ಎದ್ದು ಬಕೆಟ್ಟಿನ ಕಡೆ ಹೋಗಿದ್ದು ನೆನಪಾಯಿತು. ಆತುರದಲ್ಲಿ ಈ ಸಲವೂ ಎರಡರಷ್ಟು ವೇಗದಲ್ಲೇ ಹಚ್ಚಿದೆ. ಏಳನೇ ನಿಮಿಷದ ಆಸುಪಾಸಿನಲ್ಲಿ ಆ ಮಾತು ಸಿಕ್ಕಿತು. ನೀನು ಬರುವುದಾದರೆ ಕೊಡುವುದಿಲ್ಲ, ಬರುವುದಿಲ್ಲವೆಂದರೆ ಕೋಣೆ ಬಾಡಿಗೆಗೆ ಕೊಟ್ಟುಬಿಡಲೇ? ಚುಟುಕಾದ ಪ್ರಶ್ನೆ, ನೀರಿನ ನಲ್ಲಿಗೂ ಬೇಳೆಯ ದರಕ್ಕೂ ನಡುವೆ.

ಎಷ್ಟು ಊರುಗಳನ್ನು ಎಷ್ಟು ಊರುಗಳಿಗೆ ಜೋಡಿಸಿದೆ, ಒಂದು ದಿನವೂ ತಪ್ಪು ನಂಬರಿಗೆ ಕೊಟ್ಟವಳಲ್ಲ. ನನ್ನ ಸರ್ವಿಸ್ ಪುಸ್ತಕದಲ್ಲಿ ಒಂದೂ ಎಚ್ಚರಿಕೆ ಇಲ್ಲ. ಫೋನನ್ನು ಕೈಯಲ್ಲಿ ಹಿಡಿದು ನಿಂತವಳಿಗೆ ಅದೇ ನೆನಪಾಗುತ್ತಿತ್ತು.

ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿದ್ದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಫೋನಿನಲ್ಲಿ ಒಂದರ ಮೇಲೊಂದು ವಿಡಿಯೋ ಸರಿಸುತ್ತಿದ್ದಳು, ಯಾವುದನ್ನೂ ಕೊನೆಯವರೆಗೆ ನೋಡದೆ. ಬೇರೆ ದಿನವಾಗಿದ್ದರೆ ಮನಸ್ಸಿನಲ್ಲೇ ಅವಳಿಗೆ ಎರಡು ಮಾತು ಹೇಳುತ್ತಿದ್ದೆ. ಕಂಡಕ್ಟರು ಬಂದ.

"ಎಲ್ಲಿಗೆ ಅಜ್ಜಿ? ಆಧಾರ್ ತೋರಸ್ರಿ."

"ಹರಿಹರ."

"ಮಠಕ್ಕೇನು, ಮಗಳ ಮನಿಗೇನು?"

"ತಂಗಿ ಮನೆಗೆ."

"ಹಂಗಾದ್ರೆ ಕೂಡ್ರಿ ಆರಾಮಾಗಿ. ಮಗಳ ಮನಿ ಆಗಿದ್ರೆ ಅಳಿಯ ಟೈಂ ನೋಡ್ತಾನ, ತಂಗಿ ನೋಡಂಗಿಲ್ಲ."

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ತಂಗಿ ಬಾಗಿಲಲ್ಲೇ ನಿಂತಿದ್ದಳು, ಕೊರಳಲ್ಲಿ ಅಳತೆಯ ಟೇಪು.

"ಬಾರಕ್ಕ. ಸೋಮವಾರ ಹನ್ನೊಂದಕ್ಕೆ ನಿನ್ನ ಟೈಂಟೇಬಲ್ಲಿನಾಗ ಹರಿಹರ ಎಲ್ಲಿ ಇತ್ತು?"

"ಇವತ್ತು ರಜ ಹಾಕಿದೀನಿ."

"ಯಾರು ಮಂಜೂರು ಮಾಡಿದ್ರು?"

ಒಳಗೆ ಹೋಗಲು ಮುಂದಿನ ಕೋಣೆಯನ್ನೇ ದಾಟಬೇಕು. ನರ್ಸು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು, ಸೀರೆಯ ಸೆರಗಿಗೆ ಪಿನ್ನು ಚುಚ್ಚುತ್ತ ನನ್ನನ್ನು ನೋಡಿ ತಟ್ಟನೆ ಎದ್ದಳು.

"ಬರ್ರಿ ಅಮ್ಮಾರೆ, ಕೂಡ್ರಿ. ಇದು ನಿಮ್ಮ ಮಂಚಾನಂತೆ. ಅಕ್ಕಾರು ಹೇಳಿದ್ರು. ಬೇಕಂದ್ರೆ ತಗೊಂಡು ಹೋಗ್ರಿ, ನಾವು ಕೆಳಗ ಹಾಸ್ಕೊಂತೀವಿ."

"ಇರಲಿ. ನಮ್ಮನೇಲಿ ಇನ್ನೊಂದು ಐತೆ" ಎಂದೆ.

ಅವಳ ಅತ್ತೆ ಕೂಸನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು. ಅದು ನನ್ನ ಕೈಗಡಿಯಾರವನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ತಂಗಿ, "ಕಚ್ಚು, ಕಚ್ಚು, ಅದನ್ನೇ ಕಚ್ಚು. ನನ್ನ ಕೈಲಿ ಆಗಲಿಲ್ಲ, ನಿನ್ನ ಕೈಲಾದ್ರೂ ಆಗಲಿ" ಎಂದಳು. ಎಲ್ಲರಿಗೂ ನಗುವೋ ನಗು. ಅವಳ ಮುಖ ಹೊಳೆಯುತ್ತಿತ್ತು. ಆರು ತಿಂಗಳಿಂದ ನಾನು ಅವಳ ಮುಖವನ್ನೇ ನೋಡಿರಲಿಲ್ಲ. ದನಿ ದಿನಾ ಬರುತ್ತದಲ್ಲ ಎಂದುಕೊಂಡಿದ್ದೆ.

ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟು ಅಡುಗೆಮನೆಯಲ್ಲಿ ನನ್ನ ಎದುರು ಕುಳಿತಳು. ನರ್ಸು ಹೊರಟುಹೋಗಿದ್ದಳು, ಕೂಸು ಮಲಗಿತ್ತು.

"ಸಂಜಿ ಆದ್ರೆ ಮನ್ಯಾಗ ಒಂದು ದನಿ ಬೇಕು ಅನ್ನಿಸ್ತಿತ್ತು ಅಕ್ಕ. ಮಷೀನ್ ತುಳಿದು ತುಳಿದು ನಿಲ್ಲಿಸಿದ ಕೂಡಲೇ ಕಿವಿ ಗುಂಯ್ ಅಂತಿತ್ತು. ನಿನ್ನೆ ಸಂಜಿ ಆ ಕೂಸು ಅತ್ತೇ ಅತ್ತಿತು. ನನಗ ಎಷ್ಟು ಹಗುರಾತು ಗೊತ್ತೇನು?"

"ಒಳ್ಳೇದಾಯ್ತು ಬಿಡು."

ಅವಳು ತಟ್ಟೆಯ ಮಂಡಕ್ಕಿಯನ್ನು ಬೆರಳಲ್ಲಿ ಸರಿಸಿದಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಖರೇ ಹೇಳು. ನಿನಗ ಬರೋ ಮನಸ್ಸು ಇತ್ತೇನು?"

ಹೇಳಬಹುದಿತ್ತು. ಹೇಳಿದರೆ ಅವಳು ಆ ಕ್ಷಣವೇ ಎದ್ದು ಹೋಗಿ ಆ ಅತ್ತೆಯ ಮುಂದೆ ಕೈಮುಗಿದು ನಿಲ್ಲುತ್ತಿದ್ದಳು. ಅವಳ ಸ್ವಭಾವ ನನಗೆ ಗೊತ್ತು. ನಿನ್ನೆ ಹಾಲು ಉಕ್ಕಿಸಿದವರು ಇವತ್ತು ಟ್ರಂಕು ಎತ್ತಬೇಕಾಗುತ್ತಿತ್ತು. ಸುಳ್ಳು ಹೇಳುವುದೂ ನನಗೆ ಬರುವುದಿಲ್ಲ. ಗೋಡೆಯ ಗಡಿಯಾರ ನೋಡಿದೆ.

"ಒಂದೂ ಹತ್ತಕ್ಕೆ ಬಸ್ಸು ಐತೆ" ಎಂದೆ.

"ಹೋಗು ಮತ್ತೆ. ತಡಾ ಆದ್ರೆ ದಾವಣಗೆರೆ ಎಲ್ಲೆರೆ ಎದ್ದು ಹೋದೀತು" ಎಂದು ತಟ್ಟೆಗಳನ್ನು ಎತ್ತಿಕೊಂಡಳು.

ಮನೆಗೆ ಬಂದು ಮೆಟ್ಟಿಲು ಹತ್ತಿದಾಗ ಎರಡು ಗಂಟೆ. ಉಳಿದ ಕೆಲಸಗಳನ್ನು ಮಾಡಿದೆ. ಒಗೆದ ಬಟ್ಟೆ ತೆಗೆದೆ, ಹಾಲಿನವನ ಚೀಟಿ ನೋಡಿದೆ, ತೊಟ್ಟಿ ತಿಕ್ಕಿದೆ. ಸಂಜೆ ಆರಕ್ಕೆ ಡಬ್ಬಿ ತೆರೆದೆ. ಬೇರೆ ಸಂದೇಶಗಳು ಹದಿನಾಲ್ಕು ಇದ್ದವು. ಯಾವುದನ್ನೂ ಮುಟ್ಟದೆ ಆ ಶನಿವಾರದ ಸಂದೇಶವನ್ನು ತೆಗೆದು, ವೇಗವನ್ನು ಒಂದಕ್ಕೆ ಇಳಿಸಿ, ಕೈ ಖಾಲಿ ಇಟ್ಟುಕೊಂಡು ಕುರ್ಚಿಯ ಮೇಲೆ ಕೂತೆ.

ಆ ದನಿಯನ್ನು ಕೇಳಿ ಮೊದಲು ಬೇರೆ ಯಾರೋ ಎಂದುಕೊಂಡೆ. ವಯಸ್ಸಾಗಿದೆ ಅವಳಿಗೆ. ಒಂದು ವಾಕ್ಯ ಮುಗಿಸುವುದರೊಳಗೆ ಎರಡು ಕಡೆ ಉಸಿರು ತೆಗೆದುಕೊಳ್ಳುತ್ತಾಳೆ. ನಲ್ಲಿ ನೀರಿನ ವಿಷಯ, ಮಷೀನಿನ ಬೆಲ್ಟು ಹರಿದ ವಿಷಯ, ಪಕ್ಕದ ಮನೆಯವರು ಮಹಡಿ ಎಬ್ಬಿಸುತ್ತಿರುವ ವಿಷಯ. ಇವನ್ನೆಲ್ಲ ಹೇಳುವಾಗ ಅವಳು ಬೇರೆ ಏನನ್ನೋ ಹೇಳಲು ತಯಾರಾಗುತ್ತಿದ್ದಳು. ಆ ಕಾಲದ ಯಾವ ಆಪರೇಟರಿಗಾದರೂ ಗೊತ್ತಾಗುತ್ತಿತ್ತು.

"ಅಕ್ಕ, ಒಂದು ಮಾತು" ಎಂದಳು. ಫ್ಯಾನಿನ ಸದ್ದು. "ಒಬ್ಬಾಕಿ ನರ್ಸು ಬಂದು ಮುಂದಿನ ಕೋಣಿ ಕೇಳ್ಯಾಳ. ನೀ ಬರಂಗಿದ್ರೆ ನಾ ಕೊಡಂಗಿಲ್ಲ. ಬರಂಗಿಲ್ಲ ಅಂದ್ರೆ... ಕೊಟ್ಟುಬಿಡ್ಲೇನು?"

ಆಮೇಲೆ ಏನೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಎಲ್ಲೋ ಒಂದು ಸ್ಕೂಟರು ಹೋಯಿತು. ಫೋನಿನ ಪರದೆಯಲ್ಲಿ ಎಣಿಸಿದೆ: ಒಂಬತ್ತು ಸೆಕೆಂಡು. ಯಂತ್ರ ಉತ್ತರ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಆದರೂ ಕಾದಿದ್ದಳು. ಐದನೇ ಸೆಕೆಂಡಿಗೆ "ಮಾತಾಡ್ತಾ ಇದ್ದೀರಾ?" ಎಂದು ಕೇಳುತ್ತಿದ್ದವಳು ನಾನು. ಅಂದು ಅದೇ ಹೊತ್ತಿನಲ್ಲಿ ಬೇರು ಹಾಕಲು ಬಕೆಟ್ಟಿನ ಕಡೆ ಹೋಗಿದ್ದೆ.

"ನಿನ್ನ ಮಂಚ ಒರೆಸಿ ಇಟ್ಟೀನಿ" ಎಂದಳು ಆಮೇಲೆ. ಇನ್ನೂ ನಾಲ್ಕು ಸೆಕೆಂಡು. "ಆತು ಬಿಡು. ಕೇಳಿ ಹೇಳು." ಅಲ್ಲಿಂದ ತೊಗರಿಬೇಳೆಗೆ ಹೋದಳು. ಕೊನೆಯವರೆಗೂ ಕೇಳಿದೆ.

ಉತ್ತರವನ್ನು ನನ್ನ ದನಿಯಲ್ಲೇ ಕಳಿಸಬೇಕೆನ್ನಿಸಿತು. ಅದುವರೆಗೆ ನಾನು ಒಂದೂ ಧ್ವನಿ ಸಂದೇಶ ಕಳಿಸಿದವಳಲ್ಲ. ಮೊದಲ ಸಲ ಹೇಳಿದ್ದು ಎರಡು ನಿಮಿಷ ಐವತ್ತು ಸೆಕೆಂಡಿಗೆ ಮುಗಿಯಿತು. ಕೇಳಿನೋಡಿದರೆ ಕಚೇರಿಯ ಸುತ್ತೋಲೆ ಓದಿದಂತಿತ್ತು. ಅಳಿಸಿದೆ. ಎರಡನೇ ಸಲ ಗಡಿಯಾರದ ಕಡೆಗೆ ಬೆನ್ನು ಮಾಡಿ ಕೂತೆ. ಮಾತು ನಿಂತ ಕಡೆ ನಿಂತಿತು, ನಾನು ಅವಸರ ಮಾಡಲಿಲ್ಲ. ಮಹಡಿಯ ಮೆಟ್ಟಿಲಿನ ಸಂಗತಿ ಹೇಳಿದೆ, ಆರೂವರೆಯ ನಂತರದ ಹೊತ್ತಿನ ಸಂಗತಿ ಹೇಳಿದೆ. "ಬರೋ ಮನಸ್ಸು ಇತ್ತು. ಸಂಕ್ರಾಂತಿಗೆ ಹೇಳೋಣ ಅಂತ ಗುರುತು ಹಾಕಿ ಇಟ್ಟಿದ್ದೆ. ನಿನ್ನ ಮಾತು ನಾನು ಸರಿಯಾಗಿ ಕೇಳಿರಲಿಲ್ಲ, ತಪ್ಪು ನನ್ನದು. ಅವರನ್ನ ಎಬ್ಬಿಸಬ್ಯಾಡ. ನನ್ನ ಮೇಲೆ ಆಣೆ. ಆ ಕೂಸು ಅಲ್ಲೇ ಇರಲಿ" ಎಂದೆ. ಕಳಿಸಿದ ಮೇಲೆ ನೋಡಿದರೆ ಎಂಟು ನಿಮಿಷವಾಗಿತ್ತು.

ಆರೂವರೆ ದಾಟಿತ್ತು. ಡಬ್ಬಿ ಮುಚ್ಚುವ ಹೊತ್ತು. ಮುಚ್ಚಲಿಲ್ಲ, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರು ಮನೆಯವರು ದೀಪ ಹಚ್ಚಿ ಹೊಸ್ತಿಲ ಎರಡೂ ಕಡೆ ಇಟ್ಟರು. ಅವಳು ಕೇಳಿದ್ದಾಳೆಂಬ ನೀಲಿ ಗುರುತು ಬಂತು. ಅದಾಗಿ ಹತ್ತು ನಿಮಿಷ ಏನೂ ಬರಲಿಲ್ಲ.

ಏಳಕ್ಕೆ ಐದು ನಿಮಿಷವಿರುವಾಗ ಬಂತು. ಹನ್ನೆರಡು ನಿಮಿಷದವಳ ಉತ್ತರ ಈ ಸಲ ಹದಿನೈದು ಸೆಕೆಂಡು. ಮೊದಲು ಬರೀ ಮನೆಯ ಸದ್ದು: ಕುಕ್ಕರಿನ ಸೀಟಿ, ಕೂಸಿನ ಕೇಕೆ, ಯಾರೋ ಅದನ್ನು ರಮಿಸುತ್ತಿರುವುದು. ಆ ಸದ್ದುಗಳ ಹಿಂದೆ ಅವಳ ಉಸಿರು ಇತ್ತು. ನಾನು ಅದನ್ನು ಗುರುತಿಸಿದೆ. ಇನ್ನೂ ಹೇಳುವುದಿರುವವರ ಉಸಿರು.

"ಮೊದ್ಲೇ ಹೇಳಬೇಕಿತ್ತಲ್ಲಕ್ಕ" ಎಂದಳು. ಅಷ್ಟೇ.

ಮತ್ತೊಮ್ಮೆ ಕೇಳಲಿಲ್ಲ. ಒಂದು ಸಲ ಸರಿಯಾಗಿ ಕೇಳಿದ್ದೆ.

ಕ್ಯಾಲೆಂಡರು ತೆರೆದು ಸಂಕ್ರಾಂತಿಯ ದಿನಕ್ಕೆ ಹೋದೆ. ಬೆಳಿಗ್ಗೆ ಒಂಬತ್ತರ ಗುರುತು ಹಾಗೇ ಇತ್ತು. ಒತ್ತಿ ಹಿಡಿದೆ. ಅಳಿಸಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಏಳೂ ಎರಡು. ಆ ದಿನದ ಕೊನೆಯ ಕೆಲಸ ಅದು.